ಬರೆದವರು ಯಾರು?

ತಾಳವಾಡಿಯಿಂದ ಹೊರಟು, ಹಾಸನೂರು ದಾಟಿ, ದಿಂಬಂ ಘಟ್ಟದ 27 ತಿರುವುಗಳನ್ನು ಇಳಿದು, ಬಣ್ಣಾರಿ ಅಮ್ಮನಿಗೆ ಕೈ ಮುಗಿದು, ಸತ್ಯಮಂಗಲ, ಪುಳಿಯಂಪಟ್ಟಿ, ಸೇವೂರುಗಳ ಮೇಲೆ ಸಾಗಿದರೆ ಅವಿನಾಶಿ ಸಿಗುತ್ತದೆ. ಈ ದಾರಿ ನಿಮಗೆ ಹೊಸದಲ್ಲ. ದೇವರ ದರ್ಶನಕ್ಕೆ ಹೋದವರಿದ್ದೀರಿ, ನೆಂಟರ ಮನೆಗೆ ಹೋದವರಿದ್ದೀರಿ. ಈಗಂತೂ ಅವಿನಾಶಿ, ತಿರುಪ್ಪೂರುಗಳ ಬನಿಯನ್ ಕಂಪನಿಗಳಿಗೆ ಕೆಲಸಕ್ಕೆ ಹೋದ ಮಕ್ಕಳು ಅನೇಕರ ಮನೆಯಲ್ಲಿದ್ದಾರೆ. ಅವರಲ್ಲಿ ಕೆಲವರು ಹೊಲಿಗೆ ಯಂತ್ರದ ಮುಂದೆ ಕುಳಿತರೆ, ಕೆಲವರು ಕಚೇರಿಯಲ್ಲಿ ಕಂಪ್ಯೂಟರಿನ ಮುಂದೆ ಕುಳಿತಿದ್ದಾರೆ. ಹೀಗೆ ಕಂಪ್ಯೂಟರಿನ ಮುಂದೆ ಕುಳಿತವರ ಪಕ್ಕಕ್ಕೆ ಇತ್ತೀಚೆಗೆ ಒಬ್ಬ ಹೊಸ ಬರಹಗಾರ ಬಂದು ಸೇರಿದ್ದಾನೆ. ಅವನಿಗೆ ಸಂಬಳವಿಲ್ಲ, ಕುರ್ಚಿಯಿಲ್ಲ, ಮುಖವೂ ಇಲ್ಲ. ಪತ್ರ ಬರೆಯುವ, ಲೆಕ್ಕ ಹಾಕುವ ತಂತ್ರಾಂಶದೊಳಗೇ ಅವನ ವಾಸ. ಕೃತಕ ಬುದ್ಧಿಮತ್ತೆಯ ಸಹಾಯಕ, ಅಂದರೆ ಎ.ಐ. ಸಹಾಯಕ ಎಂದು ಅವನನ್ನು ಕರೆಯುತ್ತಾರೆ.

ಹೊಸಬನನ್ನು ಅರಿಯಬೇಕಾದರೆ ಹಳಬರನ್ನು ನೆನೆಯಬೇಕು. ನಮ್ಮ ಪರವಾಗಿ ಇನ್ನೊಬ್ಬರು ಬರೆಯುವ ಪದ್ಧತಿ ಇಂದಿನದಲ್ಲ. ಆದ್ದರಿಂದ ಇಂದು ನಿಮ್ಮೊಡನೆ ಬರಹಗಾರರ ಚರಿತ್ರೆಯನ್ನು ಸ್ವಲ್ಪ ಮಾತನಾಡಬೇಕೆಂದಿದ್ದೇನೆ.

ಕನ್ನಡದ ಕಲ್ಲಿನ ಶಾಸನಗಳನ್ನು ನೋಡಿದವರು ಒಂದು ವಿಷಯ ಗಮನಿಸಿರಬಹುದು. ಶಾಸನದ ಮೊದಲಿಗೆ ದೊರೆಯ ಬಿರುದು, ನಡುವೆ ದಾನದ ವಿವರ, ಗಡಿಯ ಗುರುತು, ಆಮೇಲೆ ದಾನವನ್ನು ಕೆಡಿಸಿದವರಿಗೆ ಶಾಪ. ಎಲ್ಲ ಮುಗಿದ ಮೇಲೆ ಕೊನೆಯಲ್ಲಿ ಒಂದೆರಡು ಸಣ್ಣ ಹೆಸರುಗಳು ಬರುವುದುಂಟು. ಅದು ಬರೆದವನ ಹೆಸರು ಮತ್ತು ಕಲ್ಲಿನಲ್ಲಿ ಕಂಡರಿಸಿದವನ ಹೆಸರು. ಬರೆದವನು ಹೆಚ್ಚಾಗಿ ಸೇನಬೋವ. ಈ ಸೇನಬೋವ ಎಂಬ ಮಾತೇ ಮುಂದೆ ಶಾನುಭೋಗ ಎಂದಾಯಿತು. ದಾನ ಕೊಟ್ಟವನು ದೊರೆ, ಪಡೆದವನು ದೇವರು ಅಥವಾ ಬ್ರಾಹ್ಮಣ. ಆದರೂ ಬರೆದವನ ಹೆಸರನ್ನು ಕಲ್ಲಿನ ಮೇಲೆ ಉಳಿಸಿದರು. ನಾಳೆ ಅಕ್ಷರದಲ್ಲಿ ಅನುಮಾನ ಬಂದರೆ ಯಾರನ್ನು ಕೇಳಬೇಕೆಂಬುದು ಅದರಿಂದ ತಿಳಿಯುತ್ತಿತ್ತು.

ಓಲೆಗರಿಯ ಪುಸ್ತಕಗಳಲ್ಲೂ ಇದೇ ರೀತಿ. ಪ್ರತಿ ಮಾಡಿದವನು ಕೊನೆಯಲ್ಲಿ ತನ್ನ ಹೆಸರು ಹೇಳಿ, ತಪ್ಪಿದ್ದರೆ ಓದುವವರು ತಿದ್ದಿಕೊಳ್ಳಬೇಕೆಂದು ಬೇಡಿಕೊಳ್ಳುವುದುಂಟು. ಈ ವಿನಯದ ಮಾತನ್ನು ನೆನಪಿಟ್ಟುಕೊಳ್ಳಿ. ಮುಂದೆ ಇದು ಮತ್ತೊಂದು ವೇಷದಲ್ಲಿ ಬರುತ್ತದೆ.

ಈಗ ಅವಿನಾಶಿಯ ಕಡೆಗೆ ಬರೋಣ. 17ನೇ ಶತಮಾನದಲ್ಲಿ ಕೊಯಮತ್ತೂರು ಸೀಮೆ ಮೈಸೂರು ಅರಸರ ಆಳ್ವಿಕೆಗೆ ಬಂದು, 1799ರಲ್ಲಿ ಟಿಪ್ಪು ಸುಲ್ತಾನ ಮಡಿಯುವವರೆಗೂ ಮೈಸೂರಿಗೇ ಸೇರಿತ್ತು. ಚಿಕ್ಕದೇವರಾಜ ಒಡೆಯರು, 1673ರಿಂದ 1704ರವರೆಗೆ ಆಳಿದವರು, ರಾಜ್ಯದ ಕೆಲಸವನ್ನು ಹದಿನೆಂಟು ಇಲಾಖೆಗಳಾಗಿ ಹಂಚಿದರು. ಅದೇ ಅಠಾರಾ ಕಚೇರಿ. ಆ ಕಾಲದ ಲೆಕ್ಕವೆಲ್ಲ ಕಡತದಲ್ಲಿ. ಕಡತ ಎಂದರೆ ಇಂದಿನಂತೆ ಕಾಗದದ ಕಟ್ಟಲ್ಲ. ಬಟ್ಟೆಗೆ ಹುಣಿಸೆ ಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿದ ಕಪ್ಪು ಪುಸ್ತಕ. ಅದರ ಮೇಲೆ ಬಳಪದಲ್ಲಿ ಬರೆಯುತ್ತಿದ್ದರು. ಬೇಕಾದರೆ ಒರೆಸಿ ಮತ್ತೆ ಬರೆಯಲೂ ಬರುತ್ತಿತ್ತು. ಶೃಂಗೇರಿ ಮಠದಲ್ಲಿ ಇಂಥ ಕಡತಗಳು ಇಂದಿಗೂ ಉಳಿದಿವೆ. ಒರೆಸಿ ಬರೆಯಬಹುದಾದ ಪುಸ್ತಕ ಎಂದ ಮೇಲೆ ಅದನ್ನು ಹಿಡಿದ ಕೈ ಯಾರದೆಂಬುದು ಮುಖ್ಯವಾಗುತ್ತದೆ. ಊರಿನವರಿಗೆ ಶಾನುಭೋಗರ ಮೇಲೆ ಗೌರವವೂ ಇತ್ತು, ಒಳಗೊಳಗೆ ಅಂಜಿಕೆಯೂ ಇತ್ತು.

1799ರ ನಂತರ ಈ ಸೀಮೆ ಕುಂಪಣಿ ಸರ್ಕಾರದ ಕೈಗೆ ಹೋಯಿತು. ಕರ್ಣಂ, ಕಣಕ್ಕುಪಿಳ್ಳೆ, ಮಣಿಯಗಾರ ಎಂಬ ಹೆಸರುಗಳು ನಿಮ್ಮ ತಾತಂದಿರ ಬಾಯಲ್ಲಿದ್ದವು. 1956ರ ನವೆಂಬರ್ 1ರಂದು ಭಾಷೆಗೆ ತಕ್ಕಂತೆ ರಾಜ್ಯಗಳನ್ನು ವಿಂಗಡಿಸಿದಾಗ, ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕೊಳ್ಳೇಗಾಲ ತಾಲ್ಲೂಕು ಮೈಸೂರು ರಾಜ್ಯಕ್ಕೆ ಬಂತು, ತಾಳವಾಡಿ ಮದರಾಸು ರಾಜ್ಯದಲ್ಲೇ ಉಳಿಯಿತು. ಅತ್ತ ಮೈಸೂರು ರಾಜ್ಯದಲ್ಲಿ 1961ರ ಕಾಯ್ದೆಯಿಂದ ವಂಶಪಾರಂಪರ್ಯದ ಶಾನುಭೋಗಿಕೆ ಹೋಯಿತು. ಇತ್ತ ತಮಿಳುನಾಡಿನಲ್ಲಿ 1980ರ ನವೆಂಬರಿನಲ್ಲಿ ಹಳೆಯ ಗ್ರಾಮಾಧಿಕಾರಿ ಹುದ್ದೆಗಳು ರದ್ದಾಗಿ ವಿ.ಎ.ಓ. ಬಂದರು.

ಬರೆಯುವವರು ಬದಲಾದರೂ ಒಂದು ಪದ್ಧತಿ ಬದಲಾಗಲಿಲ್ಲ. ಜಮೀನು ಪತ್ರ ಬರೆಸಲು ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋದವರಿಗೆ ಗೊತ್ತು. ಕನ್ನಡದ ಪತ್ರದ ಕೊನೆಯಲ್ಲಿ ಸಾಕ್ಷಿಗಳ ಕೆಳಗೆ ಬಿಕ್ಕಲಂ ಎಂದು ಹಾಕಿ ಬರೆದವರ ಹೆಸರು ಇರುತ್ತದೆ. ತಮಿಳಿನ ಪತ್ರದಲ್ಲೂ ಬರೆದವರು ಹೆಸರು ಹಾಕುತ್ತಾರೆ. ಹೆಬ್ಬೆಟ್ಟು ಒತ್ತುವ ಮೊದಲು ಪತ್ರ ಬರೆದವರು ಅದನ್ನು ಗಟ್ಟಿಯಾಗಿ ಓದಿ ಹೇಳಬೇಕು, ಬರೆಸಿದವರು ಕೇಳಿ ಒಪ್ಪಬೇಕು. 1908ರ ನೋಂದಣಿ ಕಾಯ್ದೆಯ ಪ್ರಕಾರವೂ, ಅಧಿಕಾರಿ ಕೇಳುವುದು ಪತ್ರ ಬರೆದುಕೊಟ್ಟ ಪಕ್ಷಗಾರರನ್ನು. ಇದಕ್ಕೆ ನೀವೇ ಸಹಿ ಮಾಡಿದಿರಾ, ಒಪ್ಪಿಗೆಯೇ ಎಂದು. ಅಂದರೆ ಬರೆದ ಕೈ ಬೇರೆಯಾಗಿದ್ದರೂ ಹೊಣೆ ಸಹಿ ಹಾಕಿದವರದು. ಆದರೆ ಬರೆದ ಕೈ ಯಾವುದೆಂಬುದೂ ಮರೆಯಾಗಕೂಡದು. ಈ ಎರಡು ಮಾತುಗಳ ಮೇಲೆ ನಮ್ಮ ಕಚೇರಿಗಳ ವ್ಯವಹಾರ ನಿಂತಿದೆ.

ಟೈಪ್‌ರೈಟರ್ ಬಂದ ಮೇಲೂ ಹಾಗೆಯೇ. ಹಳೆಯ ಕಚೇರಿ ಪತ್ರಗಳ ಎಡ ಮೂಲೆಯಲ್ಲಿ, ಕೆಳಗೆ, ಎರಡು ಜೊತೆ ಅಕ್ಷರಗಳು ಇರುತ್ತಿದ್ದವು. ಮೊದಲನೆಯದು ಹೇಳಿ ಬರೆಸಿದ ಅಧಿಕಾರಿಯದು, ಎರಡನೆಯದು ಟೈಪು ಮಾಡಿದವರದು. ಬಿಕ್ಕಲಂ ಇಂಗ್ಲಿಷ್ ಅಂಗಿ ತೊಟ್ಟಿತ್ತು, ಅಷ್ಟೇ.

ಕಂಪ್ಯೂಟರ್ ಬಂದಾಗ ಈ ಗುರುತು ಮೆಲ್ಲಗೆ ಮಾಯವಾಯಿತು. ಅಧಿಕಾರಿಯೇ ಟೈಪು ಮಾಡತೊಡಗಿದ ಮೇಲೆ ಎರಡನೆಯ ಹೆಸರು ಏಕೆ? 1998ರಲ್ಲಿ ಶೇಷಾದ್ರಿ ವಾಸು ಅವರ ಬರಹ ತಂತ್ರಾಂಶ, ಅನಂತರ ಕನ್ನಡ ಗಣಕ ಪರಿಷತ್ತಿನ ನುಡಿ ಕನ್ನಡಕ್ಕೆ ಬಂದವು. 1999ರಲ್ಲಿ ತಮಿಳಿಗೆ ತಮಿಳ್99 ಕೀಲಿಮಣೆ ಗೊತ್ತಾಯಿತು. ಇವೆಲ್ಲ ನಾವು ಬರೆದದ್ದನ್ನು ಅಚ್ಚು ಮಾಡುವ ಉಪಕರಣಗಳು. ಇವು ತಾವಾಗಿ ಏನನ್ನೂ ಬರೆಯುತ್ತಿರಲಿಲ್ಲ. ಮೈಕ್ರೋಸಾಫ್ಟ್ ಕಂಪನಿ ಆಫೀಸ್ 97ರಲ್ಲಿ ಕಾಗದದ ಕ್ಲಿಪ್ಪಿಗೆ ಕಣ್ಣು ಬರೆದು ಒಬ್ಬ ಸಹಾಯಕನನ್ನು ನಿಲ್ಲಿಸಿತು. ಅದು ಪತ್ರ ಬರೆಯುತ್ತಿದ್ದೀರಾ, ನೆರವು ಬೇಕೇ ಎಂದು ಪದೇ ಪದೇ ಕೇಳಿ ಎಲ್ಲರಿಗೂ ಬೇಸರ ತಂದಿತು. 2007ರ ಆಫೀಸ್‌ನಲ್ಲಿ ಅದನ್ನು ತೆಗೆದುಹಾಕಿದರು.

ಆ ಕ್ಲಿಪ್ಪು ಕೇಳುತ್ತಿತ್ತೇ ಹೊರತು ಬರೆಯಲಾರದಾಗಿತ್ತು. ಬರೆಯಬಲ್ಲವನು ಬಂದದ್ದು ಆಮೇಲೆ. 2018ರಲ್ಲಿ ಗೂಗಲ್‌ನ ಜಿಮೇಲ್ ನೀವು ಅರ್ಧ ಬರೆದ ವಾಕ್ಯಕ್ಕೆ ಉಳಿದ ಅರ್ಧವನ್ನು ಸೂಚಿಸತೊಡಗಿತು. 2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಬಂತು. 2023ರ ಮಾರ್ಚಿನಲ್ಲಿ ಮೈಕ್ರೋಸಾಫ್ಟ್ ತನ್ನ ವರ್ಡ್, ಎಕ್ಸೆಲ್, ಔಟ್‌ಲುಕ್‌ಗಳೊಳಗೇ ಕೊಪೈಲಟ್ ಎಂಬ ಸಹಾಯಕನನ್ನು ಇಡುವುದಾಗಿ ಪ್ರಕಟಿಸಿ, ಅದೇ ವರ್ಷ ನವೆಂಬರ್ 1ರಂದು ದೊಡ್ಡ ಕಂಪನಿಗಳಿಗೆ ಕೊಟ್ಟಿತು. ನಮ್ಮ ರಾಜ್ಯೋತ್ಸವದ ದಿನವೇ! ಗೂಗಲ್ ತನ್ನ ಸಹಾಯಕನಿಗೆ 2024ರಲ್ಲಿ ಜೆಮಿನಿ ಎಂದು ಹೆಸರಿಟ್ಟಿತು. ಅದೇ ವರ್ಷ ಜೂನ್‌ನಲ್ಲಿ ಅದರ ಮೊಬೈಲ್ ಆಪ್ ಕನ್ನಡ, ತಮಿಳು ಸೇರಿ ಒಂಬತ್ತು ಭಾರತೀಯ ಭಾಷೆಗಳೊಂದಿಗೆ ನಮ್ಮ ದೇಶಕ್ಕೆ ಬಂತು. ಚೆನ್ನೈನ ಜೋಹೋ ಕಂಪನಿಯ ತಂತ್ರಾಂಶಗಳಲ್ಲಿ ಜಿಯಾ ಎಂಬ ಸಹಾಯಕಿ ಇದ್ದಾಳೆ.

ಇವರು ಹೇಗೆ ಬರೆಯುತ್ತಾರೆ? ಅಪಾರ ಬರಹವನ್ನು ಯಂತ್ರಕ್ಕೆ ಉಣಿಸಿ, ಯಾವ ಮಾತಿನ ಹಿಂದೆ ಯಾವ ಮಾತು ಬರುವ ಸಂಭವ ಹೆಚ್ಚೆಂಬುದನ್ನು ಕಲಿಸಿರುತ್ತಾರೆ. ನೀವು ಕೇಳಿದಾಗ ಅದು ನಿಮ್ಮ ಕಾಗದಪತ್ರವನ್ನೂ ನೋಡಿ, ಮಾತಿಗೆ ಮಾತು ಪೋಣಿಸಿ ಕೊಡುತ್ತದೆ. ಮಾಲೆ ಬಹಳ ಅಂದವಾಗಿರುತ್ತದೆ. ಆದರೆ ಗೊತ್ತಿದ್ದದ್ದನ್ನೂ ಊಹಿಸಿದ್ದನ್ನೂ ಒಂದೇ ಧೈರ್ಯದಿಂದ ಹೇಳುವುದು ಅದರ ಗುಣ. ತಪ್ಪು ಬರೆದಾಗ ಅದರ ಕೈ ನಡುಗುವುದಿಲ್ಲ.

ನಿಮ್ಮ ಮಗಳು ಅವಿನಾಶಿಯ ಒಂದು ಬನಿಯನ್ ಕಂಪನಿಯ ಕಚೇರಿಯಲ್ಲಿದ್ದಾಳೆ ಎಂದುಕೊಳ್ಳಿ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಕಚೇರಿಯಲ್ಲಿ ಇಂಗ್ಲಿಷ್. ಜರ್ಮನಿಯ ಗಿರಾಕಿಯೊಂದಿಗೆ ಇಪ್ಪತ್ತು ಪತ್ರಗಳು ಹೋಗಿ ಬಂದಿವೆ. ಮೊದಲು ಎಲ್ಲ ಸರಕನ್ನೂ ಒಂದೇ ಸಲ ಕಳಿಸಿ ಎಂದವನು, ಹದಿನೈದನೆಯ ಪತ್ರದಲ್ಲಿ ಎರಡು ಕಂತಿನಲ್ಲಿ ಕಳಿಸಿ ಎಂದಿದ್ದಾನೆ. ಅವಳು ಸಹಾಯಕನಿಗೆ ಇದರ ಸಾರಾಂಶ ಕೊಡು ಎನ್ನುತ್ತಾಳೆ. ಅದು ಅರೆ ನಿಮಿಷದಲ್ಲಿ ಐದು ಸಾಲು ಕೊಡುತ್ತದೆ, ಹಳೆಯ ಮಾತನ್ನೇ ಹಿಡಿದು. ಅದೇ ಉತ್ತರವಾಗಿ ಹೋದರೆ? ಕೆಳಗೆ ಇರುವ ಹೆಸರು ಯಾರದು? ಯಂತ್ರದ್ದಲ್ಲ, ನಿಮ್ಮ ಮಗಳದು. ಮಾಲೀಕರು ಕರೆದು ಕೇಳುವುದು ಅವಳನ್ನೇ.

ಗಡಿಯವರಾದ ನಮಗೆ ಮತ್ತೊಂದು ಅಪಾಯವಿದೆ. ನೆಲ ಒಂದೇ, ಅಳತೆ ಬೇರೆ. ಕರ್ನಾಟಕದಲ್ಲಿ ಎಕರೆಗೆ 40 ಗುಂಟೆ, ತಮಿಳುನಾಡಿನಲ್ಲಿ ಎಕರೆಗೆ 100 ಸೆಂಟ್. 10 ಗುಂಟೆ ಎಂದರೆ 25 ಸೆಂಟ್. ಅತ್ತ ಪಹಣಿ, ಇತ್ತ ಚಿಟ್ಟಾ, ಅಡಂಗಲ್. ಕನ್ನಡದ ಅರ್ಜಿಯನ್ನು ತಮಿಳಿಗೆ ತಿರುಗಿಸು ಎಂದಾಗ ಗುಂಟೆಯ ಜಾಗದಲ್ಲಿ ಸೆಂಟ್ ಎಂದು ಬಿದ್ದು ಅಂಕಿ ಮಾತ್ರ ಹಾಗೆಯೇ ಉಳಿದರೆ, ಕಾಗದದ ಮೇಲೆ ನಿಮ್ಮ ಹೊಲ ಅರ್ಧಕ್ಕಿಂತ ಕಡಿಮೆಯಾಯಿತು! ಭಾಷೆ ಶುದ್ಧವಾಗಿಯೇ ಇರುತ್ತದೆ. ಆದ್ದರಿಂದಲೇ ತಪ್ಪು ಕಣ್ಣಿಗೆ ಬೀಳುವುದಿಲ್ಲ.

ಇದು ಹಳ್ಳಿಯವರ ಭಯ ಮಾತ್ರವಲ್ಲ. ನ್ಯೂಯಾರ್ಕಿನಲ್ಲಿ ಇಬ್ಬರು ವಕೀಲರು ಎ.ಐ. ಹೇಳಿದ ತೀರ್ಪುಗಳನ್ನು ನಂಬಿ ನ್ಯಾಯಾಲಯಕ್ಕೆ ಸಲ್ಲಿಸಿದರು. ಹುಡುಕಿದರೆ ಅಂಥ ತೀರ್ಪುಗಳೇ ಇರಲಿಲ್ಲ. 2023ರ ಜೂನ್‌ನಲ್ಲಿ ನ್ಯಾಯಾಧೀಶರು 5,000 ಡಾಲರ್ ದಂಡ ವಿಧಿಸಿದರು. ದಂಡ ಬಿದ್ದದ್ದು ಯಂತ್ರಕ್ಕಲ್ಲ, ಸಹಿ ಹಾಕಿದವರಿಗೆ. ಕಾಗದ ಹೊರಗೆ ಹೋಗುವ ಭಯವೂ ಇದೆ. ಕಚೇರಿಯ ಕಂಪ್ಯೂಟರುಗಳಲ್ಲಿ ಚಾಟ್‌ಜಿಪಿಟಿಯಂಥವನ್ನು ಬಳಸಬೇಡಿ, ಸರ್ಕಾರದ ಗೋಪ್ಯ ಹೊರಬೀಳಬಹುದು ಎಂದು ನಮ್ಮ ಕೇಂದ್ರ ಹಣಕಾಸು ಸಚಿವಾಲಯ 2025ರ ಜನವರಿಯಲ್ಲಿ ಸಿಬ್ಬಂದಿಗೆ ಸೂಚಿಸಿತು.

ನೆರೆಯ ಕೇರಳದ ಹೈಕೋರ್ಟ್ 2025ರ ಜುಲೈನಲ್ಲಿ ಜಿಲ್ಲಾ ನ್ಯಾಯಾಲಯಗಳಿಗೆ ಒಂದು ನೀತಿಯನ್ನು ಹೊರಡಿಸಿತು. ತೀರ್ಪು, ಆದೇಶಗಳನ್ನು ನಿರ್ಣಯಿಸಲು ಎ.ಐ. ಬಳಸಕೂಡದು. ಬೇರೆ ಕೆಲಸಕ್ಕೆ ಬಳಸಿದರೆ, ಯಾವ ಸಾಧನ ಬಳಸಿದಿರಿ, ಮನುಷ್ಯರು ಅದನ್ನು ಹೇಗೆ ಪರಿಶೀಲಿಸಿದಿರಿ ಎಂಬುದನ್ನು ದಾಖಲಿಸಿಡಬೇಕು. ಕೇಳುಗರೇ, ಇದು ಬಿಕ್ಕಲಂ ಅಲ್ಲದೆ ಮತ್ತೇನು? ಸೇನಬೋವನ ಕಾಲದ ಪದ್ಧತಿ ಸುತ್ತಿಕೊಂಡು ಮತ್ತೆ ಬಂದಿದೆ.

ಎ.ಐ. ಸಹಾಯಕನ ಉತ್ತರದ ಕೆಳಗೆ ಸಣ್ಣ ಅಕ್ಷರದಲ್ಲಿ, ಇದರಲ್ಲಿ ತಪ್ಪಿರಬಹುದು ಎಂಬ ಮಾತು ಕಾಣುವುದುಂಟು. ಓಲೆಗರಿಯ ಪ್ರತಿಕಾರನೂ ಇದನ್ನೇ ಹೇಳಿದ್ದ. ಆದರೆ ಅವನು ತನ್ನ ಹೆಸರು ಹೇಳಿ, ಆಮೇಲೆ ಕ್ಷಮೆ ಕೇಳಿದ. ಇವನು ತಪ್ಪಿಗೆ ಮುಂಚೆಯೇ ಕೈ ತೊಳೆದುಕೊಂಡು, ಹೆಸರಿನ ಜಾಗವನ್ನು ನಮಗೆ ಬಿಟ್ಟಿದ್ದಾನೆ.

ಹಾಗೆಂದು ಇವನನ್ನು ಹೊರಗೆ ಹಾಕಿ ಎಂದು ನಾನು ಹೇಳುವುದಿಲ್ಲ. ಇಂಗ್ಲಿಷ್ ಸರಾಗವಿಲ್ಲವೆಂದು ಕಚೇರಿಯಲ್ಲಿ ಬಾಯಿ ಮುಚ್ಚಿ ಕುಳಿತಿದ್ದ ನಮ್ಮ ಮಕ್ಕಳಿಗೆ ಇವನಿಂದ ಧೈರ್ಯ ಬಂದಿದೆ. ಕನ್ನಡ ಆಡಬಲ್ಲವರಾದರೂ ಬರೆಯಲು ಬಾರದ ಅವಿನಾಶಿ ಸೀಮೆಯ ದೇವಾಂಗ ಮನೆಗಳವರು, ತಾವು ಆಡಿದ ಮಾತನ್ನು ಕನ್ನಡ ಅಕ್ಷರದಲ್ಲಿ ನೋಡುವ ದಾರಿಯೂ ಇದರಲ್ಲಿದೆ. ಶಾನುಭೋಗರಿಲ್ಲದೆ ಊರು ನಡೆಯಲಿಲ್ಲ. ಇವನಿಲ್ಲದೆ ನಾಳೆಯ ಕಚೇರಿ ನಡೆಯುವುದೂ ಕಷ್ಟವೇ. ಆದರೆ ಶಾನುಭೋಗರೊಂದಿಗೆ ನಡೆದುಕೊಂಡಂತೆಯೇ ಇವನೊಂದಿಗೂ ನಡೆದುಕೊಳ್ಳೋಣ. ಬರೆಸೋಣ. ಕಳಿಸುವ ಮೊದಲು ಗಟ್ಟಿಯಾಗಿ ಓದೋಣ. ಅಂಕಿ, ದಿನಾಂಕ, ಹೆಸರು, ಅಳತೆ ಈ ನಾಲ್ಕನ್ನು ಮೂಲ ಕಾಗದದೊಂದಿಗೆ ಬೆರಳಿಟ್ಟು ಹೋಲಿಸೋಣ. ಯಂತ್ರದ ನೆರವು ಪಡೆದಿದ್ದರೆ ಹಾಗೆಂದು ಒಂದು ಮಾತು ಬರೆದಿಡೋಣ. ಅದರಲ್ಲಿ ನಾಚಿಕೆಯಿಲ್ಲ.

ಅವಿನಾಶಿಯ ಸ್ಥಳಪುರಾಣ ನಿಮಗೆ ತಿಳಿದದ್ದೇ. ಮೊಸಳೆ ನುಂಗಿದ ಮಗುವನ್ನು ವರ್ಷಗಳ ಮೇಲೆ ಸುಂದರಮೂರ್ತಿ ನಾಯನಾರರು ಹಾಡಿ ಹೊರಗೆ ತರಿಸಿದರು. ನಮ್ಮ ಹರಿಹರ ಕವಿ ರಗಳೆ ಬರೆದ ನಂಬಿಯಣ್ಣ ಅವರೇ. ಒಮ್ಮೆ ಕಳಿಸಿಬಿಟ್ಟ ತಪ್ಪು ಪತ್ರವೂ ಮೊಸಳೆಯ ಬಾಯಿಗೆ ಬಿದ್ದಂತೆಯೇ. ಅದನ್ನು ಹಿಂದಕ್ಕೆ ತರಿಸಲು ನಂಬಿಯಣ್ಣನೇ ಬರಬೇಕಾಗುತ್ತದೆ. ಆದ್ದರಿಂದ ಇಂದು ಸಂಜೆ ಮಗಳು ಕೆಲಸದಿಂದ ಫೋನ್ ಮಾಡಿದಾಗ, ಊಟವಾಯಿತೇ ಎಂದು ಕೇಳಿದ ಮೇಲೆ ಇನ್ನೊಂದು ಮಾತನ್ನೂ ಕೇಳಿ: ಬರೆದದ್ದನ್ನು ಓದಿ ನೋಡಿದೆಯಾ, ಮಗಳೇ?