ಲಾಂಗ್ ಐಲ್ಯಾಂಡ್ ಸೌಂಡ್‌ನ ನೀಲಿ ಪಚಿಲೆ: ಒಂದು ತಳಿವ್ಯತ್ಯಾಸದ ಅಧ್ಯಯನ ಚರಿತ್ರೆ

ಕಡಲ ಚಿಪ್ಪುಜೀವಿಗಳ ತಳಿವೈವಿಧ್ಯವನ್ನು ಕುರಿತ ಆಧುನಿಕ ಚರ್ಚೆಯ ಬೇರು ಇರುವುದು ಹಣ್ಣುನೊಣದ ಅಧ್ಯಯನದಲ್ಲಿ. 1966ರಲ್ಲಿ ಲೆವಾಂಟಿನ್ ಮತ್ತು ಹಬ್ಬಿ ಜೆಲ್ಲಿನಲ್ಲಿ ವಿದ್ಯುತ್ ಹರಿಸಿ ಪ್ರೋಟೀನುಗಳನ್ನು ಬೇರ್ಪಡಿಸಿದರು. ಒಂದೇ ಜಾತಿಯೊಳಗೆ ಎಣಿಕೆಗೂ ಮೀರಿದ ವೈವಿಧ್ಯ ಕಂಡಿತು. 1968ರಲ್ಲಿ ಕಿಮುರಾ, ವಿಕಾಸದಲ್ಲಿ ನೆಲೆಗೊಳ್ಳುವ ಅಣುಮಟ್ಟದ ಮಾರ್ಪಾಡುಗಳಲ್ಲಿ ಬಹುಪಾಲಿನಿಂದ ಜೀವಿಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ ಎಂದು ವಾದಿಸಿದರು. ಆ ವಾದವನ್ನು ಒರೆಗೆ ಹಚ್ಚಲು ಪಚಿಲೆಯಂಥ ಜೀವಿ ಅಪರೂಪ. ಬೆಳೆದ ಪಚಿಲೆ ನಾರುಗಳಿಂದ ಬಂಡೆಗೆ ಅಂಟಿಕೊಂಡು ಕೂತಲ್ಲೇ ಬದುಕುತ್ತದೆ; ಅದರ ಲಾರ್ವ ವಾರಗಟ್ಟಲೆ ನೀರಿನ ಸೆಳೆತದಲ್ಲಿ ತೇಲುತ್ತದೆ. ಲಾರ್ವಗಳು ಹೀಗೆ ಬೆರೆಯುತ್ತಿರುವಾಗ ನೆರೆಹೊರೆಯ ಸಮುದಾಯಗಳ ನಡುವಿನ ತಳಿವ್ಯತ್ಯಾಸ ಅಳಿಸಿಹೋಗಬೇಕಿತ್ತು. ಆದರೆ ಆ ವ್ಯತ್ಯಾಸ ತಲೆಮಾರು ತಲೆಮಾರಿಗೂ ಹೊಸದಾಗಿ ಹುಟ್ಟಬಲ್ಲದು ಎಂಬುದೇ ಈ ಲೇಖನದ ವಾದ.

ಇದಕ್ಕೆ ಗಟ್ಟಿ ಪುರಾವೆ ಸಿಕ್ಕಿದ್ದು ಅಮೆರಿಕದ ಈಶಾನ್ಯ ಕರಾವಳಿಯಲ್ಲಿ. ಲಾಂಗ್ ಐಲ್ಯಾಂಡ್ ಸೌಂಡ್ ಎಂಬ ಕೊಲ್ಲಿಗೆ ನದಿಗಳ ಸಿಹಿನೀರು ಬಂದು ಸೇರುತ್ತದೆ; ಅದರ ಪೂರ್ವದ ಬಾಯಿ ಅಟ್ಲಾಂಟಿಕ್‌ಗೆ ತೆರೆದಿದೆ. ಪ್ರೋಟೀನಿನ ತುದಿಯಿಂದ ಅಮೈನೊ ಆಮ್ಲಗಳನ್ನು ಕಳಚುವ ‘ಲ್ಯಾಪ್’ ಎಂಬ ಕಿಣ್ವದ ಜೀನನ್ನು ಕೋಯೆನ್, ಮಿಲ್ಕ್‌ಮನ್ ಮತ್ತು ಮಿಟ್ಟನ್ ಇಲ್ಲಿನ ಪಚಿಲೆಗಳಲ್ಲಿ ಪರಿಶೀಲಿಸಿ 1976ರಲ್ಲಿ ಫಲಿತಾಂಶ ಪ್ರಕಟಿಸಿದರು. ಅದರ ‘94’ ಎಂಬ ರೂಪದ ಪಾಲು ತೆರೆದ ಕಡಲಿನಲ್ಲಿ ಸುಮಾರು ಶೇ 55. ಕೊಲ್ಲಿಯ ಒಳಗೆ ಶೇ 15ರ ಆಸುಪಾಸು. ಆಮೇಲಿನ ದೇಹಕ್ರಿಯೆಯ ಅಧ್ಯಯನಗಳು ಕಾರಣವನ್ನೂ ಹೊರಗೆಡವಿದವು. ಪಚಿಲೆಯ ಜೀವಕೋಶ ಹೊರಗಿನ ಉಪ್ಪಿಗೆ ಸಮನಾಗಿ ತನ್ನೊಳಗೆ ಅಮೈನೊ ಆಮ್ಲ ಕೂಡಿಡುತ್ತದೆ. 94ರ ಕಿಣ್ವ ಹೆಚ್ಚು ಚುರುಕು. ಉಪ್ಪು ಹೆಚ್ಚಿದ್ದಲ್ಲಿ ಅದು ಅನುಕೂಲ. ಉಪ್ಪು ಇಳಿದಾಗ ಆ ಅಮೈನೊ ಆಮ್ಲ ದೇಹಕ್ಕೆ ಬೇಡವಾಗಿ ಸಾರಜನಕದ ತ್ಯಾಜ್ಯವಾಗಿ ಹೊರಹೋಗುತ್ತದೆ, ಪಚಿಲೆ ಸೊರಗುತ್ತದೆ.

ಹಿಂದೆಂದೋ ಬೇರ್ಪಟ್ಟಿದ್ದ ಎರಡು ತಳಿಗಳು ಕೊಲ್ಲಿಯ ಬಾಯಲ್ಲಿ ಸಂಧಿಸಿದಾಗಲೂ 94ರ ಪಾಲಿನಲ್ಲಿ ಇಂಥದೇ ಇಳಿಜಾರು ಕಾಣಿಸುವುದಿಲ್ಲವೇ? ಬರಿಯ ಭೂಪಟ ನೋಡಿದರೆ ಈ ಆಕ್ಷೇಪಕ್ಕೆ ಉತ್ತರವಿಲ್ಲ. ಉತ್ತರ ಸಿಗುವುದು ವಯಸ್ಸಿನಲ್ಲಿ. ಕೋಯೆನ್ ಮತ್ತು ಸಂಗಡಿಗರ 1980ರ ಲೇಖನ, ಹಿಲ್ಬಿಶ್ 1985ರಲ್ಲಿ ಮಾಡಿದ ವಿಶ್ಲೇಷಣೆ ಎರಡೂ ಒಂದೇ ಸಂಗತಿಯನ್ನು ಹೇಳುತ್ತವೆ: ಕೊಲ್ಲಿಯೊಳಗೆ ಆಗತಾನೆ ಅಂಟಿದ ಮರಿಗಳಲ್ಲಿ 94ರ ಪಾಲು ಬೆಳೆದವುಗಳಿಗಿಂತ ಹೆಚ್ಚು, ಕಡಲಿನದಕ್ಕೆ ಹತ್ತಿರ, ಆಮೇಲಿನ ಸಾವುಗಳಲ್ಲಿ ಅದು ಇಳಿಯುತ್ತದೆ. ಒಂದೇ ಪೀಳಿಗೆ ತಿಂಗಳುಗಳೊಳಗೆ ಹೀಗೆ ಮಾರ್ಪಡುವುದನ್ನು ಹಳೆಯ ತಳಿಗಳ ಬೆರಕೆಯೊಂದರಿಂದಲೇ ವಿವರಿಸಲಾಗದು. ಲ್ಯಾಪ್‌ಗೆ ಅಂಟಿಕೊಂಡ ಬೇರೊಂದು ಜೀನ್ ಕೆಲಸ ಮಾಡುತ್ತಿರಬಹುದೆಂಬ ಅನುಮಾನವನ್ನು ಪೂರ್ತಿ ತಳ್ಳಿಹಾಕಲು ಬರುವುದಿಲ್ಲ. ಹಾಗಿದ್ದರೂ ಕಿಣ್ವದ ಚುರುಕಿಗೂ ಸಾರಜನಕದ ನಷ್ಟಕ್ಕೂ ಇರುವ ನೇರ ಸಂಬಂಧ ಲ್ಯಾಪ್‌ನ ಕಡೆಗೇ ವಾಲುತ್ತದೆ.

ಒಂದು ಜೀನಿನ ಕತೆಯನ್ನು ಇಡೀ ವಂಶಕ್ಕೆ ಅನ್ವಯಿಸುವುದು ತಪ್ಪು ಎನ್ನುವವರ ಆಕ್ಷೇಪ ಇದಕ್ಕಿಂತ ತೂಕದ್ದು. ಅಮೆರಿಕದ ಸಿಂಪಿಯ ಅಧ್ಯಯನಗಳು ಅದನ್ನು ಬಲಪಡಿಸುತ್ತವೆ. ಕಿಣ್ವಗಳನ್ನು ನೋಡಿದಾಗ ಅಟ್ಲಾಂಟಿಕ್ ಮತ್ತು ಮೆಕ್ಸಿಕೊ ಕೊಲ್ಲಿಯ ಸಿಂಪಿಗಳು ಬಹುಮಟ್ಟಿಗೆ ಒಂದೇ ಥರ ಕಂಡಿದ್ದವು. 1990ರಲ್ಲಿ ರೀಬ್ ಮತ್ತು ಏವಿಸ್ ಮೈಟೊಕಾಂಡ್ರಿಯದ ಡಿಎನ್ಎಯಲ್ಲಿ ಸ್ಪಷ್ಟ ಬಿರುಕು ತೋರಿಸಿದರು. 1992ರಲ್ಲಿ ಕಾರ್ಲ್ ಮತ್ತು ಏವಿಸ್ ಕೋಶಕೇಂದ್ರದ ಡಿಎನ್ಎಯಲ್ಲೂ ಬಿರುಕು ಕಂಡು, ಕಿಣ್ವಗಳನ್ನು ಏಕರೂಪದಲ್ಲಿ ಹಿಡಿದಿಟ್ಟದ್ದು ನಿಸರ್ಗದ ಆಯ್ಕೆಯೇ ಎಂದರು. 1996ರಲ್ಲಿ ಮೆಕ್‌ಡೊನಾಲ್ಡ್ ಮತ್ತು ಸಂಗಡಿಗರು ಬೇರೆ ಡಿಎನ್ಎ ಗುರುತುಗಳನ್ನು ಹಿಡಿದು ನೋಡಿದಾಗ ಅಂಥ ಭೌಗೋಳಿಕ ಭೇದ ಕಾಣಲಿಲ್ಲ. ಗುರುತು ಬದಲಾದಂತೆ ಸಮುದಾಯಗಳ ಗಡಿಯೂ ಬದಲಾಗುತ್ತದೆ ಎಂದಾಯಿತು. ಅದು ಲಾಂಗ್ ಐಲ್ಯಾಂಡ್ ಸೌಂಡ್‌ನ ಪುರಾವೆಯನ್ನು ಅಲ್ಲಗಳೆಯುವುದಿಲ್ಲ. ಆಯ್ಕೆ ತಟ್ಟುವ ಜೀನಿಗೂ ತಟ್ಟದ ಜೀನಿಗೂ ಚರಿತ್ರೆ ಬೇರೆಯಿರಬಹುದು, ಅಷ್ಟೆ. ಆದ್ದರಿಂದ ಎರಡು ಸಮುದಾಯಗಳ ನಡುವಿನ ವ್ಯತ್ಯಾಸವೆಂದು ಒಂದೇ ಅಂಕಿ ಕೊಡುವ ಸಮೀಕ್ಷೆ ಯಾವ ಜೀನು, ಯಾವ ತಿಂಗಳು, ಎಷ್ಟು ದೊಡ್ಡ ಪಚಿಲೆ ಎಂಬ ಮೂರನ್ನೂ ದಾಖಲಿಸಲೇಬೇಕು. ಜೀನು ಲ್ಯಾಪ್ ಆದರೆ, ಬರೀ ಮರಿಗಳನ್ನು ಆರಿಸಿದವನಿಗೆ ಕಡಲಿಗೂ ಕೊಲ್ಲಿಗೂ ಭೇದ ಕಿರಿದಾಗಿ ಕಾಣುತ್ತದೆ. ಬೆಳೆದವನ್ನು ಆರಿಸಿದವನಿಗೆ ಅದೇ ಜಾಗದಲ್ಲಿ ದೊಡ್ಡ ಅಂತರ ಸಿಗುತ್ತದೆ.