ಹತ್ತಿಯ ಬಟ್ಟೆ ಮತ್ತು ಸೂಕ್ಷ್ಮಜೀವಿಗಳು

ಮಡಿಸಿದ ಹತ್ತಿಯ ಬಟ್ಟೆಯಲ್ಲಿ ನೀರನ್ನು ಸೋಸಿ, ಬಟ್ಟೆಯಲ್ಲುಳಿದ ಜೀವಗಳನ್ನು ಮೂಲ ಜಲಕ್ಕೇ ಮರಳಿಸುವ ಕ್ರಮವನ್ನು ಶ್ರಾವಕರು ಶತಮಾನಗಳಿಂದ ಪಾಲಿಸಿಕೊಂಡು ಬಂದಿದ್ದಾರೆ. ಅಲ್ಲಿ ಬಟ್ಟೆಯು ತಡೆಯುತ್ತದೆ, ಕೊಲ್ಲುವುದಿಲ್ಲ.

ಬಟ್ಟೆಗೇ ಸೂಕ್ಷ್ಮಜೀವಿಗಳನ್ನು ಕೊಲ್ಲುವ ಗುಣವನ್ನು ಕೊಡುವ ಪ್ರಯತ್ನ 19ನೆಯ ಶತಮಾನದ್ದು. ಶಸ್ತ್ರವೈದ್ಯನಾದ ಜೋಸೆಫ್ ಲಿಸ್ಟರನು ಕಾರ್ಬಾಲಿಕ್ ಆಮ್ಲದಲ್ಲಿ ನೆನೆಸಿದ ಬಟ್ಟೆಯಿಂದ ಗಾಯಗಳನ್ನು ಕಟ್ಟಿ, ತನ್ನ ಪದ್ಧತಿಯನ್ನು 1867ರಲ್ಲಿ ಪ್ರಕಟಿಸಿದನು. ಅದರಿಂದ ಅಸಂಖ್ಯ ಪ್ರಾಣಗಳು ಉಳಿದವು. ಮುಂದೆ ಬೆಳ್ಳಿಯ ಸೂಕ್ಷ್ಮಕಣ, ಕೈಟೋಸಾನ್ ಮೊದಲಾದ ಲೇಪಗಳು ಬಂದವು.

ಇಂದು ಮಾರೇನಹಳ್ಳಿಯಂತಹ ಬಡಾವಣೆಗಳಲ್ಲಿಯೂ ಲೇಪಿತ ಕಾಲುಚೀಲ, ಒಳಉಡುಪುಗಳು ದೊರೆಯುತ್ತವೆ. ಆದರೆ ಕೈಟೋಸಾನ್ ಸಾಮಾನ್ಯವಾಗಿ ಸಿಗಡಿ, ಏಡಿಗಳ ಚಿಪ್ಪಿನಿಂದ ತಯಾರಾಗುತ್ತದೆ. ಕೆಲವು ಕಾಲುಚೀಲಗಳಲ್ಲಿನ ಬೆಳ್ಳಿ ಒಗೆದ ನೀರಿಗೆ ಸೇರುವುದನ್ನು ಅಮೆರಿಕದ ಅರಿಜೋನ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 2008ರಲ್ಲಿ ತೋರಿಸಿದರು. ಜಲಚರಗಳಿಗೆ ಬೆಳ್ಳಿಯು ವಿಷ.

ಲೇಪವಿಲ್ಲದ ಬಟ್ಟೆಯೂ ಅಸಮರ್ಥವಲ್ಲ. ಬಾಂಗ್ಲಾದೇಶದ ಹಳ್ಳಿಗಳಲ್ಲಿ ಹಳೆಯ ಸೀರೆಯನ್ನು ಮಡಿಸಿ ನೀರು ಸೋಸಿದಾಗ ಕಾಲರಾ ಶೇಕಡಾ 48ರಷ್ಟು ಇಳಿಯಿತೆಂದು 2003ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿತು.

ರೋಗಿಯ ಗಾಯಕ್ಕೆ ಲೇಪಿತ ಬಟ್ಟೆ ಬೇಕಾಗಬಹುದು. ಆರೋಗ್ಯವಂತರ ನಿತ್ಯದ ಉಡುಪಿಗೆ ಒಗೆತವೂ ಬಿಸಿಲೂ ಸಾಕು. ನಿಷ್ಪ್ರಯೋಜನವಾದ ಹಿಂಸೆಯನ್ನು ತೊರೆಯುವುದೇ ಅನರ್ಥದಂಡ ವ್ರತ. ಅದು ಬಟ್ಟೆಯ ಆಯ್ಕೆಗೂ ಸಲ್ಲುತ್ತದೆ.