ಕಿಡ್ನಿ ಹೊಸದು, ಶುಗರ್ ಹಳೇ ಬಾಕಿ

ಭಾಗ 1/5 👇

ಹೊಸಪೇಟೆ, ಸಂಡೂರು, ಕಂಪ್ಲಿ ಕಡೆ ಯಾರಿಗಾದ್ರೂ ಕಿಡ್ನಿ ಕಸಿ ಆಗಿ, ಆಮೇಲೆ ಶುಗರ್ ಬಂತು ಅಂದ್ರೆ ಎಲ್ಲರ ಬಾಯಲ್ಲೂ ಒಂದೇ ಮಾತು: "ಬಾಯಿ ಕಟ್ಲಿಲ್ಲ, ಅನುಭವಿಸ್ತಾನ." ಊಟಕ್ಕೂ ಶುಗರ್‌ಗೂ ಸಂಬಂಧ ಇಲ್ಲ ಅಂತಲ್ಲ. ಆದ್ರೆ ಮೊದಲು ಶುಗರ್ ಇಲ್ಲದವರಿಗೆ ಕಸಿ ಆದ್ಮೇಲೆ ಯಾಕೆ ಬರ್ತದೆ, ಅದೂ ಎಲ್ಲರಿಗೂ ಬರದೆ ಕೆಲವರಿಗೆ ಮಾತ್ರ ಯಾಕೆ? ಇದರ ಹಿಂದೆ ಎಪ್ಪತ್ತು ವರ್ಷದ ಇತಿಹಾಸ ಐತಿ. ಬಿಕಾಂನವನಿಗೆ ಇದೆಲ್ಲ ಯಾಕಪ್ಪಾ ಅನ್ಬೇಡ್ರಿ, ಕೊನೆಗೆ ನಮ್ಮ ಅಕೌಂಟ್ಸ್ ಪುಸ್ತಕಕ್ಕೇ ಬರ್ತೀನಿ.

ಭಾಗ 2/5

1954ರ ಡಿಸೆಂಬರ್ 23, ಅಮೆರಿಕದ ಬೋಸ್ಟನ್. ಡಾ. ಜೋಸೆಫ್ ಮರ್ರೆ ಮತ್ತು ಅವರ ತಂಡ ರೊನಾಲ್ಡ್ ಹೆರಿಕ್ ಅನ್ನೋರ ಒಂದು ಕಿಡ್ನಿ ತೆಗೆದು ಅವರ ಅಣ್ಣತಮ್ಮ ರಿಚರ್ಡ್‌ಗೆ ಜೋಡಿಸಿದ್ರು. ಜಗತ್ತಿನಲ್ಲಿ ಯಶಸ್ವಿಯಾದ ಮೊದಲ ಕಿಡ್ನಿ ಕಸಿ ಇದು. ರಿಚರ್ಡ್ ಎಂಟು ವರ್ಷ ಬದುಕಿದ್ರು. 1990ರಲ್ಲಿ ಮರ್ರೆಗೆ ನೊಬೆಲ್ ಬಂತು.

ಗೆದ್ದ ಗುಟ್ಟು ಏನು? ಇಬ್ಬರೂ ತದ್ರೂಪಿ ಅವಳಿ, ಜೀನ್ ಒಂದೇ. ಹಾಗಾಗಿ ರಿಚರ್ಡ್ ದೇಹ ಹೊಸ ಕಿಡ್ನಿಯನ್ನು ಪರಕೀಯ ಅಂತ ತಿರಸ್ಕರಿಸಲಿಲ್ಲ.

ಆದ್ರೆ ಎಲ್ಲರಿಗೂ ಅವಳಿ ಎಲ್ಲಿಂದ ತರೋದು? ಅಮ್ಮ, ಹೆಂಡತಿ, ಅಪರಿಚಿತರ ಕಿಡ್ನಿ ನಿಲ್ಲಬೇಕಂದ್ರೆ ದೇಹದ ರೋಗನಿರೋಧಕ ಶಕ್ತಿಯನ್ನು ಔಷಧಿಯಿಂದ ತಗ್ಗಿಸಲೇಬೇಕು. ಕಥೆ ತಿರುಗೋದು ಇಲ್ಲೇ.

ಭಾಗ 3/5

ಮೊದಮೊದಲು ಬಳಸಿದ ಔಷಧಿಗಳಲ್ಲಿ ಸ್ಟೀರಾಯ್ಡ್ ಒಂದು. 1964ರ ಹೊತ್ತಿಗೇ ಡೆನ್ವರ್‌ನಲ್ಲಿ ಡಾ. ಥಾಮಸ್ ಸ್ಟಾರ್ಜ್ಲ್, ಕಸಿ ಆದವರಲ್ಲಿ ಶುಗರ್ ಕಾಣಿಸ್ತಿದೆ ಅಂತ ದಾಖಲಿಸಿದ್ರು. ನಮ್ಮ ದೇಶದ ಮೊದಲ ಯಶಸ್ವಿ ಕಿಡ್ನಿ ಕಸಿ 1971ರಲ್ಲಿ, ವೆಲ್ಲೂರಿನ ಸಿಎಂಸಿಯಲ್ಲಿ.

ಆಮೇಲೆ ಮಣ್ಣಿನಿಂದ ಎರಡು ಔಷಧಿ ಬಂದ್ವು. ನಾರ್ವೆಯ ಮಣ್ಣಿನ ಶಿಲೀಂಧ್ರದಿಂದ ಸೈಕ್ಲೋಸ್ಪೋರಿನ್. ಜಪಾನಿನ ತ್ಸುಕುಬಾದ ಮಣ್ಣಿನ ಬ್ಯಾಕ್ಟೀರಿಯಾದಿಂದ, 1984ರಲ್ಲಿ, ಟ್ಯಾಕ್ರೋಲಿಮಸ್. ಇವು ಲಕ್ಷಾಂತರ ಕಿಡ್ನಿ ಉಳಿಸಿದಾವ. ಆದ್ರೆ ಸ್ಟೀರಾಯ್ಡ್ ಇನ್ಸುಲಿನ್ ಮಾತು ದೇಹ ಕೇಳದ ಹಂಗ ಮಾಡ್ತದೆ. ಟ್ಯಾಕ್ರೋಲಿಮಸ್ ಇನ್ಸುಲಿನ್ ಮಾಡೋ ಬೀಟಾ ಕೋಶಗಳನ್ನೇ ಸುಸ್ತು ಮಾಡ್ತದೆ. ಒಂದು ಕಡೆ ಬೇಡಿಕೆ ಏರಿತು, ಇನ್ನೊಂದು ಕಡೆ ಪೂರೈಕೆ ಇಳೀತು. ಹೀಗೆ ಬರೋ ಶುಗರ್‌ಗೆ ಡಾಕ್ಟರ್‌ಗಳು ಪಿಟಿಡಿಎಂ ಅಂತಾರೆ.

ಭಾಗ 4/5

ಔಷಧಿ ಎಲ್ಲರಿಗೂ ಒಂದೇ, ಶುಗರ್ ಕೆಲವರಿಗೆ ಮಾತ್ರ. ಯಾಕೆ?

2006ರಲ್ಲಿ ಐಸ್‌ಲ್ಯಾಂಡ್ ವಿಜ್ಞಾನಿಗಳು ಟಿಸಿಎಫ್7ಎಲ್2 ಅನ್ನೋ ಜೀನ್‌ನ ಒಂದು ರೂಪಕ್ಕೂ ಟೈಪ್ 2 ಡಯಾಬಿಟಿಸ್‌ಗೂ ನಂಟು ಕಂಡುಹಿಡಿದ್ರು. 2007ರಲ್ಲಿ ಹೈದರಾಬಾದಿನ ಸಿಸಿಎಂಬಿ ಭಾರತೀಯರಲ್ಲೂ ಅದೇ ನಂಟು ತೋರಿಸ್ತು. 2008, 2009ರಲ್ಲಿ ಕೊರಿಯಾ, ಬೆಲ್ಜಿಯಂ ಅಧ್ಯಯನಗಳು ಕಸಿ ಆದವರನ್ನು ನೋಡಿದ್ವು: ಅದೇ ಜೀನ್, ಅದೇ ಅಪಾಯ. ಈ ರೂಪ ಇದ್ದವರಲ್ಲಿ ಇನ್ಸುಲಿನ್ ಸ್ರವಿಸೋ ಶಕ್ತಿ ಮೊದಲೇ ಸ್ವಲ್ಪ ಕಮ್ಮಿ. ಟ್ಯಾಕ್ರೋಲಿಮಸ್ ಹೊಡೆಯೋದೂ ಅಲ್ಲಿಗೇ. ಎಲ್ಲ ವ್ಯತ್ಯಾಸವೂ ಕೆಟ್ಟದ್ದಲ್ಲ. ಎಸ್‌ಎಲ್‌ಸಿ30ಎ8 ಜೀನ್‌ನ ಒಂದು ರೂಪ ಅಪಾಯ ತಗ್ಗಿಸ್ತದೆ ಅಂತಾನೂ ಕೊರಿಯಾದಲ್ಲಿ ಕಂಡುಬಂತು.

ಕಂಪ್ಲಿಯಲ್ಲಿ ನಮ್ಮ ದೂರದ ನೆಂಟರೊಬ್ಬರಿಗೆ ಅವರ ತಾಯಿಯೇ ಕಿಡ್ನಿ ಕೊಟ್ಟಿದ್ರು. ಮಗನಿಗೆ ಶುಗರ್ ಬಂದಾಗ ಜನ "ಅವ್ವನ ಕಿಡ್ನಿ ಜೊತೆ ಬಂದದ್ದು" ಅಂದ್ರು. ಆ ತಾಯಿ ಎಷ್ಟೋ ದಿನ ಯಾರ ಮನೆ ಕಾರ್ಯಕ್ಕೂ ಹೋಗ್ಲಿಲ್ಲ. ನೋಡ್ರಿ, ಇನ್ಸುಲಿನ್ ಮಾಡೋದು ಕಿಡ್ನಿ ಅಲ್ಲ, ಮೇದೋಜೀರಕ ಗ್ರಂಥಿ. ಅದು ಮಗನದೇ. ಅದರ ಜೀನ್‌ಗಳು ಅಪ್ಪ-ಅವ್ವ ಇಬ್ಬರಿಂದಲೂ ಅವನು ಹುಟ್ಟೋ ಮೊದಲೇ ಬಂದಿದ್ವು. ತಾಯಿ ಕೊಟ್ಟದ್ದು ಜೀವ, ಕಾಯಿಲೆ ಅಲ್ಲ.

ಭಾಗ 5/5

ಈಗ ನಮ್ಮ ಅಕೌಂಟ್ಸ್. ಕಂಟಿಂಜೆಂಟ್ ಲಯಬಿಲಿಟಿ ನೆನಪೈತಾ? ಬ್ಯಾಲೆನ್ಸ್ ಶೀಟ್ ಒಳಗೆ ಇರಲ್ಲ, ಕೆಳಗೆ ನೋಟ್‌ನಲ್ಲಿ ಇರ್ತದೆ. ಒಂದು ಘಟನೆ ನಡೆದ್ರೆ ಮಾತ್ರ ನಿಜವಾದ ಸಾಲ. ಜೀನ್ ಅಪಾಯ ಅಂದ್ರೆ ಅದೇ. ಕಸಿ, ಔಷಧಿ, ವಯಸ್ಸು, ತೂಕ, ಹೆಪಟೈಟಿಸ್ ಸಿ ಇವೆಲ್ಲ ಆ ಘಟನೆಗಳು. ನೋಟ್ ಇದ್ದ ಮಾತ್ರಕ್ಕೆ ದಿವಾಳಿ ಅಲ್ಲ. ಆದ್ರೆ ನೋಟ್ ಓದದೇ ಸಹಿ ಹಾಕಬಾರದು.

ದುಬಾರಿ ಜೀನ್ ಟೆಸ್ಟ್ ಬೇಕಾ? ಒಂದೊಂದು ಜೀನ್‌ನ ಪಾಲು ಸಣ್ಣದು, ಅದೊಂದರಿಂದ ಭವಿಷ್ಯ ಹೇಳೋಕಾಗಲ್ಲ. ಖರ್ಚಿಲ್ಲದ ದಾರಿ ಇದು:

✅ ಮನೆಯಲ್ಲಿ ಯಾರ್ಯಾರಿಗೆ ಶುಗರ್ ಐತಿ ಅಂತ ಕಸಿಗೆ ಮೊದಲೇ ಡಾಕ್ಟರ್‌ಗೆ ಹೇಳ್ರಿ.
✅ ಬೆಳಿಗ್ಗೆ ಸ್ಟೀರಾಯ್ಡ್ ತಗೊಂಡ್ರೆ ಶುಗರ್ ಏರೋದು ಮಧ್ಯಾಹ್ನದ ಮೇಲೆ. ಖಾಲಿ ಹೊಟ್ಟೆ ಟೆಸ್ಟ್ ಸರಿ ಇದ್ರೂ ಊಟದ ನಂತರದ್ದು ಕೇಳ್ರಿ.
✅ ಕಸಿಯಾದ ಮೊದಲ ಕೆಲವು ತಿಂಗಳು ಎಚ್‌ಬಿಎ1ಸಿ ಒಂದನ್ನೇ ನಂಬಬೇಡ್ರಿ. ರಕ್ತ ಕಮ್ಮಿ ಇದ್ರೆ, ರಕ್ತ ಹಾಕಿಸಿದ್ರೆ ಅದು ದಾರಿ ತಪ್ಪಿಸ್ತದೆ.
❌ ಶುಗರ್ ಬಂತು ಅಂತ ಕಸಿಯ ಮಾತ್ರೆ ನೀವೇ ನಿಲ್ಲಿಸಬೇಡ್ರಿ. ಕಿಡ್ನಿಯೇ ಹೋಗ್ತದೆ. ಡೋಸ್ ಬದಲಿಸೋದು ಡಾಕ್ಟರ್ ಕೆಲಸ.

ಕಸಿ ಆದವರು ಯಾರಾದ್ರೂ ಗೊತ್ತಿದ್ರೆ ಇದನ್ನ ಕಳಿಸ್ರಿ. ಅವರನ್ನ ಬೈಯೋ ನೆಂಟರಿಗೆ ಮೊದಲು ಕಳಿಸ್ರಿ 🙏

#ಹೊಸಪೇಟೆ #ಕಂಪ್ಲಿ #ಸಂಡೂರು #ಹಂಪಿ #ಕಿಡ್ನಿಕಸಿ #ಇತಿಹಾಸ